ಜಿಯೋಕ್ಯಾಶ್ ಸಿಗುತ್ತಿಲ್ಲವೇ? ಕಷ್ಟ ಎಲ್ಲಿದೆ ಎಂದು ಮೊದಲು ಗುರುತಿಸಿ

ಆಪ್‌ನಲ್ಲಿ ದೂರ ‘0 ಮೀಟರ್’ ಎಂದು ತೋರಿಸುತ್ತಿದೆ, ಆದರೂ ಡಬ್ಬಿ ಕಾಣುತ್ತಿಲ್ಲ. ಬೇರೆಯವರು ಬಚ್ಚಿಟ್ಟ ಡಬ್ಬಿಯನ್ನು (ಅದೇ ‘ಕ್ಯಾಶ್’) ಜಿಪಿಎಸ್ ನಿರ್ದೇಶಾಂಕದ ನೆರವಿನಿಂದ ಹುಡುಕಿ, ಒಳಗಿನ ಲಾಗ್ ಕಾಗದಕ್ಕೆ ಸಹಿ ಹಾಕುವ ಆಟವೇ ಜಿಯೋಕ್ಯಾಶಿಂಗ್. ಅದನ್ನು ಶುರು ಮಾಡಿದ ಎಲ್ಲರೂ ಬೇಗನೆ ಬಂದು ನಿಲ್ಲುವುದು ಇಲ್ಲಿಗೇ. ಡಬ್ಬಿ ಚಿಕ್ಕದಾದರೆ ಕಷ್ಟ, ದೊಡ್ಡದಾದರೆ ಸುಲಭ ಎಂಬುದು ಹೊಸಬರ ಲೆಕ್ಕ. ಅದರಲ್ಲಿ ಅರ್ಧ ಮಾತ್ರ ನಿಜ. ಬಟಾಬಯಲಿನಲ್ಲಿ ಒಂದೇ ಒಂದು ಕಲ್ಲಿದ್ದು ಅದರ ಕೆಳಗೆ ಬೆರಳುದ್ದದ ಡಬ್ಬಿಯಿದ್ದರೆ ಎರಡು ನಿಮಿಷಕ್ಕೆ ಸಿಗುತ್ತದೆ. ಕರಾವಳಿಯ ಉದ್ದನೆಯ ಮುರಕಲ್ಲಿನ ಪಾಗಾರದೊಳಗೆ ಊಟದ ಡಬ್ಬಿಯಷ್ಟು ದೊಡ್ಡದನ್ನು ಸೇರಿಸಿಟ್ಟಿದ್ದರೂ ಮಧ್ಯಾಹ್ನವೆಲ್ಲ ಕಳೆದುಹೋಗಬಹುದು.

ಹುಡುಕಬೇಕಾದ ಜಾಗದ ವಿಸ್ತೀರ್ಣ ಎಷ್ಟು, ಅದರೊಳಗೆ ಡಬ್ಬಿ ಅಡಗಬಹುದಾದ ತಾಣಗಳು ಎಷ್ಟು, ‘ಇದೇನು ಡಬ್ಬಿಯಲ್ಲ’ ಎಂದು ನಮ್ಮ ಕಣ್ಣು ತಾನಾಗಿಯೇ ದಾಟಿಹೋಗುವ ವಸ್ತುಗಳು ಎಷ್ಟು: ಕಷ್ಟ ನಿಂತಿರುವುದು ಈ ಮೂರರ ಮೇಲೆ. ಇವುಗಳಲ್ಲಿ ಯಾವುದು ನಿಮ್ಮನ್ನು ಕಾಡುತ್ತಿದೆ ಎಂದು ಗೊತ್ತಾದರೆ ಹುಡುಕುವ ರೀತಿಯೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ.

ಮನೆಯಲ್ಲೇ ಮುಗಿಸಬೇಕಾದ ಕೆಲಸ: ಪುಟವನ್ನು ಪೂರ್ತಿ ಓದಿ

ಪ್ರತಿ ಕ್ಯಾಶ್‌ಗೂ ಆಪ್‌ನಲ್ಲಿ ಒಂದು ಪುಟ, ಅದರಲ್ಲಿ ಎರಡು ಅಂಕಗಳಿರುತ್ತವೆ. ‘ಡಿ’ ಎಂದರೆ ಹುಡುಕುವ ಅಥವಾ ಒಗಟು ಬಿಡಿಸುವ ಕಷ್ಟ. ‘ಟಿ’ ಎಂದರೆ ಅಲ್ಲಿಗೆ ತಲುಪುವ ನೆಲದ ಕಷ್ಟ. ಎರಡಕ್ಕೂ 1ರಿಂದ 5ರವರೆಗೆ ಅರ್ಧರ್ಧ ನಕ್ಷತ್ರದ ಮೆಟ್ಟಿಲುಗಳಿರುವುದರಿಂದ ಒಟ್ಟು 81 ಜೋಡಿಗಳು ಸಾಧ್ಯ. ಹೊಸಬರು ಇವೆರಡನ್ನೂ ಬೆರೆಸಿಬಿಡುತ್ತಾರೆ. ಎತ್ತರದ ಮರದ ತುದಿಯಲ್ಲಿ ಎಲ್ಲರಿಗೂ ಕಾಣುವಂತೆ ನೇತಾಡುವ ಡಬ್ಬಿಗೆ ಟಿ 5 ಇರಬಹುದು, ಡಿ ಮಾತ್ರ 1. ಗಾಲಿಕುರ್ಚಿಯಲ್ಲೂ ತಲುಪಬಹುದಾದ ಉದ್ಯಾನದ ಬೆಂಚಿನ ಡಬ್ಬಿಗೆ ಟಿ 1 ಇದ್ದು ಡಿ 4.5 ಇರಬಹುದು.

ಡಿ 1 ಎಂದರೆ ಕೆಲವೇ ನಿಮಿಷ, ಡಿ 2 ಎಂದರೆ ಅರ್ಧ ಗಂಟೆಯೊಳಗೆ, ಡಿ 3 ಎಂದರೆ ಒಂದು ಗಂಟೆ ಅಥವಾ ಇನ್ನೂ ಹೆಚ್ಚು. ಡಿ 4ಕ್ಕೆ ಪೂರ್ವತಯಾರಿ ಬೇಕು, ಒಂದಕ್ಕಿಂತ ಹೆಚ್ಚು ಸಲ ಹೋಗಬೇಕಾದೀತು. ಡಿ 5ಕ್ಕೆ ವಿಶೇಷ ಜ್ಞಾನ ಅಥವಾ ಸಲಕರಣೆ ಬೇಕಾಗಬಹುದು.

ಟಿ ಅಂಕಕ್ಕೆ ಇನ್ನೊಂದು ಉಪಯೋಗವಿದೆ, ಹೆಚ್ಚಿನವರು ಅದನ್ನು ಮರೆಯುತ್ತಾರೆ: ಹುಡುಕಬೇಕಾಗಿಲ್ಲದ ಜಾಗಗಳನ್ನು ಅದು ಹೇಳಿಬಿಡುತ್ತದೆ. ಟಿ 1.5 ಎಂದಿದ್ದರೆ ಮರ ಹತ್ತಬೇಡಿ, ಇಳಿಜಾರಿನಲ್ಲಿ ತೆವಳಬೇಡಿ. ನೆಲದ ಮೇಲೆ ನಿಂತು ಕೈಗೆಟಕುವಷ್ಟನ್ನು ಮಾತ್ರ ನೋಡಿ. ಟಿ 4 ಎಂದಿದ್ದು ಜಾಗ ಸಮತಟ್ಟಾಗಿದ್ದರೆ ತಲೆ ಎತ್ತಿ ಮರ ನೋಡಿ, ಅಥವಾ ಸೇತುವೆಯ ಕೆಳಗೆ ಇಣುಕಿ.

ಗಾತ್ರದ ಲೆಕ್ಕ ಹೀಗಿದೆ. 100 ಮಿ.ಲೀ.ಗಿಂತ ಕಡಿಮೆಯಿದ್ದರೆ ಮೈಕ್ರೋ. ಹಳೆಯ ಫಿಲ್ಮ್ ರೋಲಿನ ಡಬ್ಬಿ ಈ ಗುಂಪಿನದು. 1 ಲೀಟರ್‌ವರೆಗೆ ಸ್ಮಾಲ್, 20 ಲೀಟರ್‌ವರೆಗೆ ರೆಗ್ಯುಲರ್, ಅದಕ್ಕಿಂತ ದೊಡ್ಡದು ಲಾರ್ಜ್. ಮೈಕ್ರೋದಲ್ಲೇ ಅತಿ ಚಿಕ್ಕದನ್ನು ನ್ಯಾನೋ ಎನ್ನುತ್ತಾರೆ: ಸುಮಾರು ಒಂದು ಸೆಂಟಿಮೀಟರ್ ಅಗಲ, ತಳದಲ್ಲಿ ಆಯಸ್ಕಾಂತ, ಒಳಗೆ ಸುರುಳಿ ಸುತ್ತಿದ ಕಾಗದದ ಪಟ್ಟಿ. ಗಾತ್ರದ ಜಾಗದಲ್ಲಿ ‘ಅದರ್’ ಎಂದಿದ್ದರೆ ಅದಕ್ಕೆ ಮಾಮೂಲಿ ಡಬ್ಬಿಯ ರೂಪವಿಲ್ಲದಿರಬಹುದು, ಎಚ್ಚರದಿಂದಿರಿ.

ಆಮೇಲೆ ಲಾಗ್‌ಗಳು, ಅಂದರೆ ಹಿಂದೆ ಹುಡುಕಿದವರು ಪುಟದಲ್ಲಿ ಬರೆದ ದಾಖಲೆಗಳು. ಕೊನೆಯ ಹತ್ತು ಲಾಗ್‌ಗಳನ್ನಾದರೂ ಓದಿ. ಡಿ 1.5ರ ಕ್ಯಾಶ್‌ಗೆ ಸಾಲಾಗಿ ನಾಲ್ಕು ಡಿಎನ್‌ಎಫ್ ಬಿದ್ದಿದ್ದರೆ ಡಬ್ಬಿ ಅಲ್ಲಿಲ್ಲದಿರುವ ಸಾಧ್ಯತೆಯೇ ಹೆಚ್ಚು. (ಡಿಎನ್‌ಎಫ್ ಎಂದರೆ ‘ಹುಡುಕಿದೆ, ಸಿಗಲಿಲ್ಲ’ ಎಂಬ ದಾಖಲೆ.) ಡಿ 4.5ಕ್ಕೆ ಅದೇ ನಾಲ್ಕು ಡಿಎನ್‌ಎಫ್ ಬಿದ್ದಿದ್ದರೆ ಅದು ಸಹಜ, ಹಿಂಜರಿಯಬೇಕಾಗಿಲ್ಲ. ‘ನಮ್ಮ ಜಿಪಿಎಸ್ ಎಂಟು ಮೀಟರ್ ಪೂರ್ವಕ್ಕೆ ತೋರಿಸಿತು’ ಎಂದು ಇಬ್ಬರು ಮೂವರು ಬರೆದಿದ್ದರೆ ಅದನ್ನು ಗುರುತು ಹಾಕಿಕೊಳ್ಳಿ. ಲಾಗ್ ಜೊತೆ ಹಾಕಿದ ಫೋಟೋಗಳ ಹಿನ್ನೆಲೆಯಲ್ಲೂ ಸುಳಿವು ಸಿಗುತ್ತದೆ. ಬಚ್ಚಿಟ್ಟವರ ಬೇರೆ ಕ್ಯಾಶ್‌ಗಳನ್ನು ನೋಡಿದರೆ ಅವರ ಚಾಳಿ ತಿಳಿಯುತ್ತದೆ. ಕಬ್ಬಿಣಕ್ಕೆ ಆಯಸ್ಕಾಂತದ ಡಬ್ಬಿ ಅಂಟಿಸುವವರು ಹೆಚ್ಚಾಗಿ ಅದನ್ನೇ ಮತ್ತೆ ಮಾಡುತ್ತಾರೆ.

ಕೊನೆಗೆ ಕ್ಯಾಶಿನ ಹೆಸರು ಮತ್ತು ಸುಳಿವು. ಹೆಸರಿನಲ್ಲೇ ಪದಚಮತ್ಕಾರ ಅಡಗಿಸಿಡುವುದು ಬಚ್ಚಿಡುವವರಿಗೆ ಇಷ್ಟದ ಆಟ. ಸುಳಿವನ್ನು ಇಂಗ್ಲಿಷಿನ ಪ್ರತಿ ಅಕ್ಷರವನ್ನೂ 13 ಸ್ಥಾನ ಸರಿಸುವ ರಾಟ್13 ವಿಧಾನದಲ್ಲಿ ಮರೆಮಾಡಿರುತ್ತಾರೆ. ಆಪ್‌ನಲ್ಲಿ ಒಮ್ಮೆ ಒತ್ತಿದರೆ ಬಿಡಿಸಿ ತೋರಿಸುತ್ತದೆ.

ನಿರ್ದೇಶಾಂಕದ ತಪ್ಪು: ಅರ್ಧ ಕಷ್ಟ ಇಲ್ಲೇ ಇದೆ

2000ನೇ ಇಸವಿಯ ಮೇ 2ರವರೆಗೆ ಅಮೆರಿಕ ಸರ್ಕಾರ ಸಾರ್ವಜನಿಕರ ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ತಪ್ಪು ಬೆರೆಸುತ್ತಿತ್ತು. ಸ್ಥಾನ ನೂರು ಮೀಟರಿನಷ್ಟು ಆಚೀಚೆ ಆಗುತ್ತಿತ್ತು. ಅದನ್ನು ನಿಲ್ಲಿಸಿದ ಮರುದಿನವೇ, ಮೇ 3ರಂದು, ಡೇವ್ ಉಲ್ಮರ್ ಎಂಬವರು ಆರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಒಂದು ಬಕೆಟ್ ಇಟ್ಟು ಅದರ ನಿರ್ದೇಶಾಂಕವನ್ನು ಅಂತರ್ಜಾಲದಲ್ಲಿ ಹಾಕಿದರು. ಈ ಆಟ ಹುಟ್ಟಿದ್ದು ಹಾಗೆ. ಲೆಕ್ಕ ಹಾಕಿ ನೋಡಿ: ನೂರು ಮೀಟರ್ ತ್ರಿಜ್ಯದ ವೃತ್ತ ಸುಮಾರು 31,400 ಚದರ ಮೀಟರ್, ಅಂದರೆ ಏಳೂಮುಕ್ಕಾಲು ಎಕರೆ. ಐದು ಮೀಟರ್ ತ್ರಿಜ್ಯದ್ದು ಬರೀ 78 ಚದರ ಮೀಟರ್.

ಆದರೆ ಆ 78 ಚದರ ಮೀಟರ್ ಸಿಗುವುದು ಎಲ್ಲ ಸರಿಯಿದ್ದಾಗ. ಬಯಲಿನಲ್ಲಿ ಸ್ಮಾರ್ಟ್‌ಫೋನಿನ ತಪ್ಪು ಸಾಮಾನ್ಯವಾಗಿ ಸುಮಾರು 5 ಮೀಟರ್. ಬಚ್ಚಿಟ್ಟವರ ಫೋನಿಗೂ ಅಷ್ಟೇ ತಪ್ಪಿರುತ್ತದೆ, ನಿಮ್ಮದಕ್ಕೂ ಇರುತ್ತದೆ. ಎರಡೂ ಸೇರಿದಾಗ 7 ಮೀಟರ್ ಆಚೀಚೆ ಆಗುವುದು ಮಾಮೂಲು, 10 ಮೀಟರ್ ಆದರೂ ಆಶ್ಚರ್ಯವಿಲ್ಲ. 10 ಮೀಟರ್ ಆದರೆ ನೀವು ಹುಡುಕಬೇಕಾದದ್ದು 314 ಚದರ ಮೀಟರ್. ತ್ರಿಜ್ಯ ಎರಡರಷ್ಟಾದರೆ ಕೆಲಸ ನಾಲ್ಕರಷ್ಟಾಗುತ್ತದೆ.

ಎತ್ತರದ ಕಟ್ಟಡಗಳ ನಡುವೆ ಉಪಗ್ರಹದ ಸಂಕೇತ ಗಾಜಿಗೆ, ಗೋಡೆಗೆ ಬಡಿದು ಸುತ್ತಿಬಳಸಿ ಬರುತ್ತದೆ. ಆಗ ಫೋನಿನ ದೂರದ ಲೆಕ್ಕ ತಪ್ಪುತ್ತದೆ, ನಿಂತಲ್ಲೇ ನಿಂತಿದ್ದರೂ ಚುಕ್ಕಿ ರಸ್ತೆಯಾಚೆ ಜಿಗಿಯುತ್ತದೆ. ದಟ್ಟ ಮರಗಳ ಕೆಳಗೆ, ಅದರಲ್ಲೂ ಎಲೆ ಒದ್ದೆಯಾಗಿದ್ದಾಗ, ಸಂಕೇತ ಸೊರಗುತ್ತದೆ. ಕಣಿವೆಯಲ್ಲಿ ಆಕಾಶದ ಒಂದು ಪಟ್ಟಿಯಷ್ಟೇ ಕಾಣುವುದರಿಂದ ಕಣಿವೆಯ ಅಡ್ಡಕ್ಕೆ ತಪ್ಪು ಹೆಚ್ಚು.

ಇನ್ನೊಂದು ತಪ್ಪು ಪೂರ್ತಿ ನಮ್ಮ ಕೈಯದು. ಜಿಯೋಕ್ಯಾಶಿಂಗ್‌ನಲ್ಲಿ ನಿರ್ದೇಶಾಂಕವನ್ನು ಡಿಗ್ರಿ ಮತ್ತು ದಶಮಾಂಶ ನಿಮಿಷದಲ್ಲಿ ಬರೆಯುತ್ತಾರೆ. ಉತ್ತರ 12° 58.500′ ಎಂದರೆ 12 ಡಿಗ್ರಿ 58 ನಿಮಿಷ 30 ಸೆಕೆಂಡ್. ಅದನ್ನು 58 ನಿಮಿಷ 50 ಸೆಕೆಂಡ್ ಎಂದು ನಕ್ಷೆಗೆ ಹಾಕಿದರೆ 600 ಮೀಟರಿಗೂ ಹೆಚ್ಚು ಉತ್ತರಕ್ಕೆ ಹೋಗಿ ನಿಲ್ಲುತ್ತೀರಿ. ಬೆಂಗಳೂರಿನಲ್ಲಿ ಕೊನೆಯ ಅಂಕಿ ಒಂದು ಹೆಚ್ಚುಕಡಿಮೆಯಾದರೆ ಉತ್ತರ-ದಕ್ಷಿಣಕ್ಕೆ 1.84 ಮೀಟರ್, ಪೂರ್ವ-ಪಶ್ಚಿಮಕ್ಕೆ 1.81 ಮೀಟರ್ ಸರಿಯುತ್ತದೆ. ಇನ್ನೂ ಉತ್ತರಕ್ಕಿರುವ ಅಮೆರಿಕದ ಸಿಯಾಟಲ್‌ನಲ್ಲಿ ರೇಖಾಂಶಗಳು ಒತ್ತೊತ್ತಾಗಿರುವುದರಿಂದ ಪೂರ್ವ-ಪಶ್ಚಿಮದ ಆ ಒಂದು ಅಂಕಿ 1.25 ಮೀಟರ್ ಮಾತ್ರ.

ಜಾಗಕ್ಕೆ ಹೋದ ಮೇಲೆ: ಮೊದಲು ಕೇಂದ್ರ ಹಿಡಿಯಿರಿ

ಬಾಣದ ಹಿಂದೆ ಓಡಿ ಸೊನ್ನೆ ಬಂದಲ್ಲಿ ಮಣ್ಣು ಕೆದಕುವುದು ವ್ಯರ್ಥ. ಬದಲಿಗೆ ಹೀಗೆ ಮಾಡಿ.

1. ಫೋನಿನ ಬ್ಯಾಟರಿ ಉಳಿತಾಯದ ಮೋಡ್ ತೆಗೆಯಿರಿ. ದಿಕ್ಸೂಚಿ ತಪ್ಪು ತೋರಿಸುತ್ತಿದ್ದರೆ ಫೋನನ್ನು ಗಾಳಿಯಲ್ಲಿ ಇಂಗ್ಲಿಷ್ ಎಂಟರ ಆಕಾರದಲ್ಲಿ ನಾಲ್ಕೈದು ಸಲ ಆಡಿಸಿ. ಆಯಸ್ಕಾಂತವಿರುವ ಫೋನ್ ಕವರ್ ಇದ್ದರೆ ಕಳಚಿ.

2. ಗುರಿಯಿಂದ 25–30 ಮೀಟರ್ ದೂರದಲ್ಲಿ, ಆದಷ್ಟು ಆಕಾಶ ಕಾಣುವ ಕಡೆ ನಿಂತು ಒಂದು ನಿಮಿಷ ಕಾಯಿರಿ. ಬಾಣ ತೋರುವ ನೇರಕ್ಕೆ ಇರುವ ಮರವನ್ನೋ ಕಂಬವನ್ನೋ ಗುರುತಿಟ್ಟುಕೊಳ್ಳಿ.

3. ವೃತ್ತದ ಕಾಲುಭಾಗ ಸುತ್ತಿ ಹೋಗಿ ಅಡ್ಡದಿಕ್ಕಿನಿಂದ ಅದನ್ನೇ ಮಾಡಿ. ಎರಡು ನೇರಗಳು ಕೂಡುವ ಜಾಗ ನಿಮ್ಮ ಕೇಂದ್ರ. ಅಲ್ಲಿ ಬ್ಯಾಗನ್ನೋ ಬಿದ್ದ ಕೋಲನ್ನೋ ಇಟ್ಟು ಫೋನನ್ನು ಜೇಬಿಗೆ ಹಾಕಿ.

ಮೂರನೆಯ ಹಂತದ ಕೊನೆಯ ಮಾತೇ ಮುಖ್ಯ. ಕೊನೆಯ ಹತ್ತು ಮೀಟರಿನಲ್ಲಿ ಫೋನು ಹೇಳುವುದಕ್ಕೆ ಅರ್ಥವಿಲ್ಲ. ಬಾಣ ಗಿರಗಿರ ತಿರುಗುತ್ತಿದ್ದರೆ ಹತ್ತಿರ ಬಂದಿದ್ದೀರಿ ಎಂದಷ್ಟೇ ಅದರ ಸುದ್ದಿ. ಅದನ್ನೇ ನೋಡುತ್ತ ಸುತ್ತುವವರು ಡಬ್ಬಿಯ ಪಕ್ಕದಲ್ಲೇ ಮೂರು ಸಲ ಹಾದುಹೋಗಿರುತ್ತಾರೆ.

ತಾಣಗಳನ್ನು ಎಣಿಸಿ

ಕೇಂದ್ರದಲ್ಲಿ ನಿಂತು ಏನನ್ನೂ ಮುಟ್ಟದೆ ಸುತ್ತ ನೋಡಿ. ‘ಈ ಗಾತ್ರದ ಡಬ್ಬಿಯನ್ನು ಇಲ್ಲಿ ಎಲ್ಲೆಲ್ಲಿ ಇಡಬಹುದು?’ ಎಂದು ಕೇಳಿಕೊಂಡು ಲೆಕ್ಕ ಹಾಕಿ. ಒಂದು ಲೀಟರ್ ಡಬ್ಬಿಗೆ ಒಂದು ಟೊಳ್ಳು ಬುಡ, ಒಂದು ಬಂಡೆಯ ಸಂದು, ಇಷ್ಟೇ ಇದ್ದರೆ ಕೆಲಸ ಮುಗಿದ ಹಾಗೆ. ನ್ಯಾನೋ ಆದರೆ, ನೂರಾರು ಬೋಲ್ಟ್‌ಗಳಿರುವ ಕಬ್ಬಿಣದ ಸೇತುವೆಯಲ್ಲಿ ಪ್ರತಿ ಬೋಲ್ಟ್‌ನ ಹಿಂಬದಿಯೂ ಒಂದು ತಾಣ. ಅಮೆರಿಕ, ಯುರೋಪಿನ ಉದ್ಯಾನಗಳಲ್ಲಿ ಬೇಲಿಯನ್ನೆಲ್ಲ ಮುಚ್ಚಿ ಹಬ್ಬಿರುವ ಐವಿ ಬಳ್ಳಿಯೊಳಗೆ ಮೈಕ್ರೋ ಇಟ್ಟಿರುತ್ತಾರೆ. ಅದು ಕೌಶಲಕ್ಕಿಂತ ತಾಳ್ಮೆಯ ಪರೀಕ್ಷೆ. ಇಂಥ ಕ್ಯಾಶ್‌ಗಳಿಗೆ ಮೆಚ್ಚುಗೆಯ ಅಂಕ ಕಡಿಮೆ ಬೀಳುವುದು ನ್ಯಾಯವೇ.

ಸುಲಭದವುಗಳಲ್ಲಿ ಕೆಲವು ರೂಢಿಯ ಜಾಗಗಳಿವೆ, ಮೊದಲು ಅವನ್ನು ಮುಗಿಸಿ. ಅಮೆರಿಕದ ಪಾರ್ಕಿಂಗ್ ಜಾಗಗಳಲ್ಲಿ ದೀಪದ ಕಂಬದ ಬುಡದ ಬೋಲ್ಟ್‌ಗಳನ್ನು ಮುಚ್ಚಲು ಒಂದು ಲೋಹದ ಕವಚ ಇರುತ್ತದೆ. ಅದನ್ನು ಮೇಲಕ್ಕೆತ್ತಿದರೆ ಕೆಳಗೆ ಫಿಲ್ಮ್ ಡಬ್ಬಿ. ಗೊತ್ತಿಲ್ಲದವರು ಅರ್ಧ ಗಂಟೆ ಪೊದೆ ಕೆದಕುತ್ತಾರೆ, ಗೊತ್ತಿದ್ದವರು ಅರ್ಧ ನಿಮಿಷದಲ್ಲಿ ಸಹಿ ಹಾಕಿ ಹೊರಡುತ್ತಾರೆ. ಕಾಡಿನಲ್ಲಾದರೆ ಕೊಂಬೆಗಳು ಒಂದೇ ಅಳತೆಗೆ ಮುರಿದು ಸಾಲಾಗಿ ಬಿದ್ದಿವೆಯೇ, ಕಲ್ಲುಗಳು ತಾವಾಗಿ ಬೀಳದ ರೀತಿಯಲ್ಲಿ ಪೇರಿಸಿವೆಯೇ ನೋಡಿ. ಪ್ರಕೃತಿ ಅಷ್ಟು ಒಪ್ಪವಾಗಿ ಜೋಡಿಸುವುದಿಲ್ಲ.

ಅದರಲ್ಲೂ ಸಿಗದಿದ್ದರೆ ಜಾಗವನ್ನು ಪಾಲು ಮಾಡಿ. ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುವಾಗ ಇಡೀ ಮೊರದ ಮೇಲೆ ಕಣ್ಣಾಡಿಸದೆ ಸ್ವಲ್ಪ ಸ್ವಲ್ಪವೇ ಮುಂದಕ್ಕೆ ತಳ್ಳಿ ನೋಡುವಂತೆ, ಎರಡು ಮೀಟರ್ ಅಗಲದ ಪಟ್ಟಿಗಳಾಗಿ ಹಿಡಿದು ಒಂದನ್ನು ಪೂರ್ತಿ ಮುಗಿಸಿದ ಮೇಲೆ ಇನ್ನೊಂದಕ್ಕೆ ಹೋಗಿ. ಪ್ರತಿ ಪಟ್ಟಿಯನ್ನೂ ಮೂರು ಎತ್ತರದಲ್ಲಿ ನೋಡಿ: ಮೊಣಕಾಲಿನ ಕೆಳಗೆ, ಮೊಣಕಾಲಿನಿಂದ ಕಣ್ಣಿನವರೆಗೆ, ತಲೆಯ ಮೇಲೆ. ಹೆಚ್ಚಿನವರು ನೋಡುವುದು ನಡುವಿನದನ್ನು ಮಾತ್ರ, ಬಚ್ಚಿಡುವವರಿಗೂ ಅದು ಗೊತ್ತು. ಹೋದ ದಾರಿಯಲ್ಲೇ ಹಿಂತಿರುಗಿ ಬರುತ್ತಾ ಇನ್ನೊಮ್ಮೆ ನೋಡಿ. ಬೆಳಕು ಬೇರೆ ಕಡೆಯಿಂದ ಬಿದ್ದಾಗ ಮರೆಯಲ್ಲಿದ್ದ ಅಂಚು ಎದ್ದು ಕಾಣುತ್ತದೆ.

ನಿಯಮಗಳೂ ನಿಮ್ಮ ಕೆಲಸ ಕಡಿಮೆ ಮಾಡುತ್ತವೆ. ಅನುಮತಿ ಇಲ್ಲದೆ ಡಬ್ಬಿ ಹೂಳಲು ನೆಲ ಅಗೆಯುವಂತಿಲ್ಲ, ಮರಕ್ಕೆ ಮೊಳೆ ಹೊಡೆಯುವಂತಿಲ್ಲ, ಯಾರದೇ ಆಸ್ತಿಗೆ ಹಾನಿ ಮಾಡುವಂತಿಲ್ಲ. ಹಾಗಾಗಿ ಯಾವುದನ್ನಾದರೂ ಮುರಿದರೆ ಮಾತ್ರ ಒಳಗೆ ಕೈ ಹೋಗುತ್ತದೆ ಎಂದಾದರೆ ಅಲ್ಲಿ ಡಬ್ಬಿ ಇಲ್ಲ. ನಿಜವಾದ ವಿದ್ಯುತ್ ಪೆಟ್ಟಿಗೆಯನ್ನು ಯಾವ ಕಾರಣಕ್ಕೂ ತೆರೆಯಬೇಡಿ.

ಕಣ್ಣೆದುರಿಗಿದ್ದೂ ಕಾಣದ ಡಬ್ಬಿಗಳು

ಡಿ 3.5 ದಾಟಿದ ಮೇಲೆ ಹೆಚ್ಚಾಗಿ ಡಬ್ಬಿ ಅಡಗಿರುವುದಿಲ್ಲ, ಎದುರಿಗೇ ಇರುತ್ತದೆ. ವೇಷ ಬೇರೆ, ಅಷ್ಟೇ. ಟೊಳ್ಳು ಮಾಡಿದ ಬೋಲ್ಟ್. ಬೆಂಚಿನ ಬಣ್ಣವನ್ನೇ ಬಳಿದ ಆಯಸ್ಕಾಂತದ ಹಾಳೆ, ಅದರ ಹಿಂದೆ ಲಾಗ್ ಕಾಗದ. ಪೈನ್ ಕಾಯಿಯೊಳಗೆ ಸಿಕ್ಕಿಸಿದ ಲೋಹದ ಕೊಳವೆ. ಹುಲ್ಲಿನಲ್ಲಿ ನೀರು ಚಿಮ್ಮುವ ಸ್ಪ್ರಿಂಕ್ಲರ್ ತಲೆ, ಆದರೆ ಅದಕ್ಕೆ ನೀರಿನ ಪೈಪೇ ಇಲ್ಲ. ಟೊಳ್ಳು ಬೇಲಿಕಂಬದೊಳಗೆ ಮೀನಿನ ದಾರಕ್ಕೆ ಕಟ್ಟಿ ಇಳಿಬಿಟ್ಟ ಪೆಟ್ ಪ್ರೀಫಾರ್ಮ್, ಅಂದರೆ ಪ್ಲಾಸ್ಟಿಕ್ ಬಾಟಲಿಯನ್ನು ಊದುವ ಮೊದಲಿನ ದಪ್ಪ ಕೊಳವೆ.

ಇಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ‘ಡಬ್ಬಿ ಎಲ್ಲಿದೆ?’ ಎಂಬುದಲ್ಲ, ‘ಇಲ್ಲಿ ಯಾವುದಕ್ಕೆ ಕೆಲಸವಿಲ್ಲ?’ ಎಂಬುದು. ಒಂದು ಕಬ್ಬಿಣದ ರೇಲಿಂಗನ್ನು ಹತ್ತಿರದಿಂದ ನೋಡಿ. ಪ್ರತಿ ಜೋಡಣೆಗೂ ನಾಲ್ಕು ಬೋಲ್ಟ್, ಒಂದು ಕಡೆ ಮಾತ್ರ ಐದು. ನಾಲ್ಕರ ಅಂಚಿನಲ್ಲಿ ತುಕ್ಕು ಸೋರಿ ಕಂದು ಗೆರೆ ಇಳಿದಿದೆ, ಐದನೆಯದರ ಕೆಳಗೆ ಬಣ್ಣ ಸ್ವಚ್ಛವಾಗಿದೆ. ನಾಲ್ಕರ ಮೇಲೆ ಧೂಳು ಕೂತಿದೆ, ಐದನೆಯದು ಬೆರಳುಗಳ ಜಿಡ್ಡಿನಿಂದ ಹೊಳೆಯುತ್ತಿದೆ. ಅದನ್ನು ಹಿಡಿದು ಎಳೆಯಿರಿ, ಕೈಗೆ ಬರುತ್ತದೆ. ಎಲ್ಲಿಗೂ ಹೋಗದ ತಂತಿ, ಏನನ್ನೂ ಹಿಡಿದಿರದ ಸ್ಕ್ರೂ, ಸುತ್ತಲಿನ ಕಲ್ಲಿಗಿಂತ ಹಗುರಾದ ಕಲ್ಲು ಇವೆಲ್ಲ ಅದೇ ಜಾತಿ.

ಕಣ್ಣಿಗೆ ಸಿಗದ್ದು ಬೆರಳಿಗೆ ಸಿಗುತ್ತದೆ. ಬೆಂಚಿನ ಅಡಿ, ಕಂಬಿಯ ಒಳಮಗ್ಗುಲು ಇವನ್ನೆಲ್ಲ ಸವರಿ ನೋಡಬೇಕು. ಆದರೆ ಕಾಣದ ಕಡೆ ಬರಿಗೈ ಹಾಕಬೇಡಿ. ನಮ್ಮ ಕಡೆಯ ಕಲ್ಲುಗೋಡೆ, ಪೊಟರೆಗಳಲ್ಲಿ ಹಾವು ಚೇಳು ಇರುತ್ತವೆ: ಮೊದಲು ಟಾರ್ಚ್, ಆಮೇಲೆ ಕೋಲು, ಕೊನೆಗೆ ಕೈಗವಸು ಹಾಕಿದ ಕೈ. ಅಮೆರಿಕದಲ್ಲಿರುವವರು ಮುಟ್ಟಿದರೆ ತುರಿಕೆ ತರುವ ಮೂರೆಲೆಯ ಪಾಯ್ಸನ್ ಐವಿ ಗಿಡವನ್ನು ಗುರುತಿಸಲು ಕಲಿಯಲೇಬೇಕು. ಅಲ್ಲಿಯೂ ಜರ್ಮನಿಯಲ್ಲೂ ಕಾಡಿನಿಂದ ಬಂದ ಮೇಲೆ ಮೈಮೇಲೆ ರಕ್ತ ಹೀರುವ ಉಣ್ಣಿ ಹತ್ತಿದೆಯೇ ಎಂದು ನೋಡಿಕೊಳ್ಳಿ, ಅದರ ಕಡಿತದಿಂದ ಲೈಮ್ ರೋಗ ಬರಬಹುದು.

ಬ್ಯಾಗಿನಲ್ಲಿ ಇವಿಷ್ಟು ಇದ್ದರೆ ಸಾಕು: ಪೆನ್ನು, ಟಾರ್ಚ್, ಹಿಡಿಯುಳ್ಳ ಚಿಕ್ಕ ಕನ್ನಡಿ, ಉದ್ದ ಮಾಡಬಹುದಾದ ಆಯಸ್ಕಾಂತದ ಕಡ್ಡಿ, ಚಿಮಟ, ಕೈಗವಸು, ಒಂದು ಲೀಟರ್ ನೀರು. ನ್ಯಾನೋದಿಂದ ಕಾಗದ ತೆಗೆಯಲು ಚಿಮಟ ಇಲ್ಲದಿದ್ದರೆ ಕಾಗದ ಹರಿಯುತ್ತದೆ. ಪುಟದಲ್ಲಿ ‘ಯುವಿ ಬೆಳಕು ಬೇಕು’ ಎಂಬ ಚಿಹ್ನೆಯಿದ್ದರೆ ಆ ಟಾರ್ಚ್ ಬೇರೆ. ನೀರು ಕುಡಿಯಲಿಕ್ಕೆ ಮಾತ್ರವಲ್ಲ. ಕೆಲವು ಕ್ಯಾಶ್‌ಗಳಲ್ಲಿ ಡಬ್ಬಿ ನಿಂತ ಪೈಪಿನ ತಳದಲ್ಲಿರುತ್ತದೆ, ನೀರು ತುಂಬಿದರೆ ತೇಲಿ ಮೇಲೆ ಬರುತ್ತದೆ. 50 ಮಿ.ಮೀ. ಒಳವ್ಯಾಸದ ಒಂದು ಮೀಟರ್ ಪೈಪಿಗೆ ಹೆಚ್ಚುಕಡಿಮೆ ಎರಡು ಲೀಟರ್ ಹಿಡಿಯುತ್ತದೆ, ಅಂಥ ಕಡೆ ಹೋಗುವಾಗ ನೀರು ಹೆಚ್ಚು ಒಯ್ಯಿರಿ. ಪಕ್ಕದಲ್ಲಿ ತೂತು ಕೊರೆದಿದ್ದರೆ ಬೆರಳುಗಳಿಂದ ಮುಚ್ಚಿ ಹಿಡಿಯಲು ಜೊತೆಗೊಬ್ಬರು ಬೇಕು.

ಒಗಟಿನ ಕ್ಯಾಶ್

ಮಿಸ್ಟರಿ ಕ್ಯಾಶಿನಲ್ಲಿ ಕಷ್ಟ ಮನೆಯಲ್ಲೇ ಶುರು. ಪುಟದಲ್ಲಿ ಕೊಟ್ಟ ನಿರ್ದೇಶಾಂಕದಲ್ಲಿ ಡಬ್ಬಿ ಇರುವುದಿಲ್ಲ, ಒಗಟು ಬಿಡಿಸಿದರೆ ಸರಿಯಾದದ್ದು ಸಿಗುತ್ತದೆ. ಉತ್ತರದ ಆಕಾರ ಮೊದಲೇ ಗೊತ್ತಿರುವುದು ನಿಮ್ಮ ದೊಡ್ಡ ಬಲ: ಅಕ್ಷಾಂಶಕ್ಕೆ 7 ಅಂಕಿ, ರೇಖಾಂಶಕ್ಕೆ 8, ಒಟ್ಟು 15. ಡಬ್ಬಿ ಸಾಮಾನ್ಯವಾಗಿ ಕೊಟ್ಟ ಬಿಂದುವಿನಿಂದ 3.2 ಕಿ.ಮೀ. ಒಳಗೇ ಇರಬೇಕಾದ್ದರಿಂದ ಮೈಸೂರಿನಲ್ಲಿ 12, 076 ಎಂಬ ಡಿಗ್ರಿಗಳು ಬದಲಾಗುವುದು ಅಪರೂಪ, ನಿಮಿಷದ ಅಂಕಿಯೂ ಒಂದೆರಡರಷ್ಟೇ ಆಚೀಚೆ. ಒಗಟಿನ ಮೊದಲ ಚಿಹ್ನೆಗಳನ್ನು ಆ ಅಂಕಿಗಳ ಜೊತೆ ಹೊಂದಿಸಿ ನೋಡಿದರೆ ಎಷ್ಟೋ ಸಲ ಬೀಗ ಅಲ್ಲೇ ಬಿಚ್ಚುತ್ತದೆ. ಮೋರ್ಸ್, ಬ್ರೈಲ್, ಅಕ್ಷರಗಳನ್ನು ಇಂತಿಷ್ಟು ಸ್ಥಾನ ಸರಿಸುವ ಸೀಸರ್ ಪಲ್ಲಟ, ಬಿಳಿ ಪುಟದಲ್ಲಿ ಬಿಳಿ ಬಣ್ಣದಲ್ಲಿ ಬರೆದ ಸಾಲು ಇವು ಹೆಚ್ಚಾಗಿ ಬಳಕೆಯಲ್ಲಿರುವವು. ಉತ್ತರ ನಲವತ್ತು ಕಿ.ಮೀ. ದೂರ ತೋರಿಸಿದರೆ ಹೊರಡಬೇಡಿ, ಲೆಕ್ಕ ತಪ್ಪಿದೆ. ಎರಡು ಡಬ್ಬಿಗಳ ನಡುವೆ 161 ಮೀಟರ್ ಅಂತರ ಇರಬೇಕೆಂಬ ನಿಯಮವೂ ಇದೆ. ಬೇರೊಂದು ಕ್ಯಾಶಿನ ಡಬ್ಬಿಯ ಪಕ್ಕದಲ್ಲೇ ನಿಮ್ಮ ಉತ್ತರ ಬಿದ್ದರೆ ಅದೂ ಅನುಮಾನದ್ದೇ.

ಜಾಗ ಮತ್ತು ಕಾಲ ಸೇರಿಸುವ ಕಷ್ಟ

ಜನ ಓಡಾಡುವ ಕಡೆ ಡಬ್ಬಿ ಸುಲಭದ್ದಾದರೂ ಕೈಹಾಕುವುದು ಕಷ್ಟ. ನಮ್ಮ ದೇಶದಲ್ಲಿ ಕಂಬದ ಬುಡ ತಡಕುವವರನ್ನು ಜನ ಸುಮ್ಮನೆ ಬಿಡುವುದಿಲ್ಲ, ಕಾವಲುಗಾರರು ಬಂದೇ ಬರುತ್ತಾರೆ. ಬೆಳಗಿನ ಜಾವ ವಾಕಿಂಗ್‌ಗೆ ಬರುವವರಿಗಿಂತ ಮೊದಲು ಅಥವಾ ಬಿಸಿಲೇರಿದ ಮೇಲೆ ಹೋಗಿ. ಕೇಳಿದರೆ ಆಟ ಏನೆಂದು ನೇರವಾಗಿ ಹೇಳಿ, ಆಪ್ ತೋರಿಸಿ.

ಕಾಲವೂ ಡಿ ಅಂಕವನ್ನು ಬದಲಿಸುತ್ತದೆ. ಮಲೆನಾಡಿನಲ್ಲಿ ಬೇಸಿಗೆಯಲ್ಲಿ ಇಟ್ಟ ಡಬ್ಬಿ ಆಷಾಢದ ಹೊತ್ತಿಗೆ ಪಾಚಿ, ಜರಿಗಿಡ, ಬಳ್ಳಿಗಳ ಅಡಿಗೆ ಸೇರುತ್ತದೆ. ಹಿಮ ಬೀಳುವ ದೇಶಗಳಲ್ಲಿ ನೆಲದ ಮೇಲಿನ ಡಬ್ಬಿ ತಿಂಗಳುಗಟ್ಟಲೆ ಸಿಗದು. ಇದಕ್ಕಿಂತ ಕೆಟ್ಟದ್ದು ಡಬ್ಬಿಯ ವಲಸೆ: ಸಿಕ್ಕವರು ಎರಡು ಅಡಿ ಆಚೆ ಇಡುತ್ತಾರೆ, ಮುಂದಿನವರು ಇನ್ನೆರಡು ಅಡಿ. ಕೊನೆಗೆ ಸುಳಿವಿನಲ್ಲಿ ಹೇಳಿದ ಬೇರು ಒಂದು ಕಡೆ, ಡಬ್ಬಿ ಇನ್ನೊಂದು ಕಡೆ. ತೆಗೆಯುವ ಮೊದಲು ಇದ್ದ ಹಾಗೆ ಒಂದು ಫೋಟೋ ತೆಗೆದುಕೊಂಡು, ಅದೇ ಜಾಗದಲ್ಲಿ, ಅದೇ ಮುಖವಾಗಿ, ಅದೇ ಮರೆಯಲ್ಲಿ ಇಡಿ. ಫೋಟೋ ನಿಮ್ಮ ಫೋನಿನಲ್ಲೇ ಇರಲಿ.

ಸಿಗದಿದ್ದರೆ ಡಿಎನ್‌ಎಫ್ ಹಾಕಲು ಸಂಕೋಚ ಬೇಡ. ಎಷ್ಟು ಹೊತ್ತು, ಎಲ್ಲೆಲ್ಲಿ ನೋಡಿದಿರಿ ಎಂದು ಬರೆದರೆ ಬಚ್ಚಿಟ್ಟವರಿಗೆ ಡಬ್ಬಿ ಇದೆಯೋ ಇಲ್ಲವೋ ಎಂದು ಹೋಗಿ ನೋಡಲು ಕಾರಣ ಸಿಗುತ್ತದೆ. ಡಬ್ಬಿ ಸಿಗಲಿಲ್ಲವೆಂದು ನಿಮ್ಮದೇ ಹೊಸ ಡಬ್ಬಿ ಇಟ್ಟು ‘ಸಿಕ್ಕಿತು’ ಎಂದು ಬರೆಯಬೇಡಿ. ಹಳೆಯದೂ ಅಲ್ಲೇ ಇದ್ದರೆ ಮುಂದಿನವರೆಲ್ಲ ತಪ್ಪು ಡಬ್ಬಿಗೆ ಸಹಿ ಹಾಕುತ್ತಾರೆ.

ನೀವೇ ಬಚ್ಚಿಡುವಾಗ

ತಪ್ಪು ನಿರ್ದೇಶಾಂಕದಿಂದ ಬಂದ ಕಷ್ಟ ಕಷ್ಟವೇ ಅಲ್ಲ, ಅದು ಹುಡುಕುವವರ ಸಮಯ ಹಾಳು ಮಾಡುವುದು. ಕಠಿಣ ವೇಷದ ಡಬ್ಬಿಗೆ ನಿಖರ ನಿರ್ದೇಶಾಂಕ ಕೊಡುವುದು ನ್ಯಾಯ. ಕನಿಷ್ಠ ಎರಡು ಬೇರೆ ದಿನ, ಪ್ರತಿ ಸಲ ಐದಾರು ಬಾರಿ ದೂರದಿಂದ ನಡೆದುಬಂದು ನಿಂತು ಅಳತೆ ತೆಗೆದುಕೊಳ್ಳಿ. ಉಳಿದವುಗಳಿಂದ ತೀರಾ ದೂರ ಬಿದ್ದದ್ದನ್ನು ಬಿಟ್ಟು ಸರಾಸರಿ ಹಿಡಿಯಿರಿ. ಜಾಗದ ಯಜಮಾನರ ಅನುಮತಿ ಪಡೆಯಿರಿ, ಡಬ್ಬಿಯ ಮೇಲೆ ಇದು ಆಟದ ವಸ್ತು ಎಂದು ಕನ್ನಡದಲ್ಲೂ ಬರೆಯಿರಿ, ಆದಷ್ಟು ಪಾರದರ್ಶಕ ಡಬ್ಬಿ ಬಳಸಿ. ರೈಲು ನಿಲ್ದಾಣ, ವಿಮಾನ ನಿಲ್ದಾಣ, ಸೇನೆಯ ಜಾಗಗಳ ಹತ್ತಿರ ಬೇಡವೇ ಬೇಡ.

ಸುಳಿವು ಜಾಗಕ್ಕೆ ಬಂದವರಿಗೆ ಮಾತ್ರ ಅರ್ಥವಾಗಬೇಕು. ‘ಮರದ ಹತ್ತಿರ’ ಎಂದು ಕಾಡಿನ ಕ್ಯಾಶಿಗೆ ಬರೆದರೆ ಯಾರಿಗೂ ಉಪಯೋಗವಿಲ್ಲ. ‘ಮೊಣಕಾಲೆತ್ತರ, ಕಬ್ಬಿಣ’ ಎಂದರೆ ತಾಣಗಳು ನೂರರಿಂದ ಹತ್ತಕ್ಕೆ ಇಳಿಯುತ್ತವೆ. ಡಿ ಅಂಕವನ್ನು ನೀವೇ ಊಹಿಸಬೇಡಿ, ಇಟ್ಟವರಿಗೆ ಯಾವಾಗಲೂ ಸುಲಭವೆನಿಸುತ್ತದೆ. ಡಬ್ಬಿ ಎಲ್ಲಿದೆಯೆಂದು ಗೊತ್ತಿಲ್ಲದ ಒಬ್ಬರನ್ನು ಕರೆದುಕೊಂಡು ಹೋಗಿ, ಸುಮ್ಮನೆ ನಿಂತು, ಅವರಿಗೆ ಎಷ್ಟು ಹೊತ್ತು ಹಿಡಿಯಿತೆಂದು ನೋಡಿ. ಪ್ರಕಟವಾದ ಮೇಲೆ ಡಿ 2 ಎಂದು ಕೊಟ್ಟದ್ದಕ್ಕೆ ಡಬ್ಬಿ ಅಲ್ಲೇ ಇದ್ದೂ ಡಿಎನ್‌ಎಫ್‌ಗಳು ಬೀಳುತ್ತಿದ್ದರೆ ಅಂಕವನ್ನು 3ಕ್ಕೋ 3.5ಕ್ಕೋ ಏರಿಸಿ, ಬದಲಿಸಿದ್ದೀರೆಂದು ಪುಟದಲ್ಲಿ ಒಂದು ಸಾಲು ಬರೆಯಿರಿ.